ಹೊತ್ತು ಹೋಗಲಿ ಅಂತ

ಜೂನ್ 3, ಸೋಮವಾರ. ಬೆಳಿಗ್ಗೆ

ಬಾಯ್ಲರ್ ಕಾಯುತ್ತಿದೆ. ಆವಿ ಏಳುವವರೆಗೆ ಬರೆಯಲು ಅಡ್ಡಿಯಿಲ್ಲ. ಹೋಟೆಲಿನ ಬೆಡ್‌ಶೀಟ್ ಮೂಟೆ ಬಂದು ಬಿದ್ದಿದೆ, ಜೊತೆಗೆ ವಕೀಲರ ಬಿಳಿ ಅಂಗಿಗಳು. ವಕೀಲರಿಗೆ ತೋಳಿನ ಮೇಲೆ ಗೆರೆ ಕೂಡದು. ಅವರ ಹೆಂಡತಿಗೆ ಗೆರೆ ಇಲ್ಲದಿದ್ದರೆ ಇಸ್ತ್ರಿಯೇ ಆಗಿಲ್ಲ. ಒಂದು ತೋಳಿಗೆ ಹಾಕಿ ಇನ್ನೊಂದನ್ನು ಬಿಟ್ಟುಬಿಡಲೇ ಅಂತ ಲಾಂಡ್ರಿಯ ಯಜಮಾನರನ್ನು ಕೇಳಿದೆ. ನಕ್ಕರು. ಮೊಣಕಾಲು ನೋವು ಶುರುವಾದ ಮೇಲೆ ಅವರು ನಗುವುದೇ ಅಪರೂಪ.

ಲಾಂಡ್ರಿ ಬಿಟ್ಟು ಮಗಳ ಮನೆ ಸೇರುತ್ತಾರೆ. ಬಾಯ್ಲರ್, ಇಸ್ತ್ರಿ ಟೇಬಲ್, ಅಂಗಡಿಯ ಬಾಡಿಗೆ ಕರಾರು — ಕೊಳ್ಳುತ್ತೀಯಾ ಅಂತ ಮೊದಲು ಕೇಳಿದ್ದು ನನ್ನನ್ನೇ. ತಿಂಗಳ ಕೊನೆಯವರೆಗೆ ಟೈಮು. ಆಮೇಲೆ ಪಕ್ಕದ ಮೊಬೈಲ್ ಅಂಗಡಿಯವನಿಗೆ. ಅವನಿಗೆ ಜಾಗ ಸಿಕ್ಕರೆ ಸಾಕು, ಬಾಯ್ಲರ್ ಗುಜರಿಗೆ. ಒಂಬತ್ತು ವರ್ಷ ಇದರ ಜೊತೆ ಏಗಿದ್ದೇನೆ. ಗಂಡನಿಗಿಂತ ಇದರ ಸಿಡುಕೇ ನನಗೆ ಚೆನ್ನಾಗಿ ಗೊತ್ತು. ಗುಜರಿಗೆ ಬಿಡುತ್ತೇನೆಯೇ?

ಪರ್ಸನಲ್ ಲೋನ್‌ಗೆ ಅರ್ಜಿ ಹಾಕಿದ್ದೇನೆ. ಉತ್ತರ ಇವತ್ತೋ ನಾಳೆಯೋ. ಆವಿ ಬಂತು...

ಜೂನ್ 4, ಮಂಗಳವಾರ

ಮೆಸೇಜ್ ಬಂತು. ಅರ್ಜಿ ತಿರಸ್ಕರಿಸಲಾಗಿದೆ. ಕಾರಣ ಇಲ್ಲ, 'ವಿಷಾದಿಸುತ್ತೇವೆ' ಮಾತ್ರ ಇದೆ.

ಓದುತ್ತಾ ನಿಂತೆ. ವಕೀಲರ ಅಂಗಿಯ ಕಾಲರ್ ಕಂದಿಹೋಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ. ಯಜಮಾನರು ನೋಡಿ ಅಂಗಿಯನ್ನು ಪಕ್ಕಕ್ಕೆ ತೆಗೆದಿಟ್ಟರು. ಬೈದಿದ್ದರೆ ಚೆನ್ನಾಗಿತ್ತು, ಅಳುವುದಕ್ಕೊಂದು ನೆಪ ಸಿಗುತ್ತಿತ್ತು.

ಮನೆಗೆ ಬಂದು ಇವರಿಗೆ ಹೇಳಿದೆ. "ಹೋಗ್ಲಿ ಬಿಡು" ಅಂದರು. ದಿನವೆಲ್ಲ ಸ್ಕೂಲ್ ವ್ಯಾನಿನಲ್ಲಿ ಮಕ್ಕಳ ಗಲಾಟೆ ಕೇಳಿ ಬರುವ ಮನುಷ್ಯ, ಮನೆಯಲ್ಲಿ ಏನೇ ಆದರೂ ಈ ಎರಡೇ ಪದ. ನಾನು ಬಿಡುವುದಿಲ್ಲ. ಯಾಕೆ ಅಂತ ಬ್ಯಾಂಕಿಗೇ ಹೋಗಿ ಕೇಳುತ್ತೇನೆ.

ಜೂನ್ 6, ಗುರುವಾರ

ಅರ್ಧ ದಿನ ರಜೆ ಹಾಕಿ ಹೋದೆ. ಕೌಂಟರಿನ ಹುಡುಗಿ ಒಳ್ಳೆಯವಳು. ಅದೇ ತೊಂದರೆ, ಜಗಳ ಆಡುವ ಹಾಗಿಲ್ಲ.

"ಮೇಡಂ, ವೆರಿಫಿಕೇಶನ್‌ಗೆ ನಿಮ್ಮ ಎರಡನೇ ನಂಬರಿಗೆ ನಾನೇ ಫೋನ್ ಮಾಡಿದ್ದು. ಹಿರಿಯರೊಬ್ರು ಎತ್ತಿದ್ರು. ನಿಮ್ಮ ಅತ್ತೆ ಅಂತೆ."

"ಏನಂದ್ರು?"

ಹೇಳಲೋ ಬೇಡವೋ ಅಂತ ನನ್ನ ಮುಖ ನೋಡಿದಳು. "ನಮ್ಮ ಸೊಸೆಗೆ ದುಡಿಯೋ ಕರ್ಮ ಏನಿಲ್ಲ, ಹೊತ್ತು ಹೋಗ್ಲಿ ಅಂತ ಎಲ್ಲಿಗೋ ಹೋಗ್ತಾಳೆ ಅಂದ್ರು."

"ಸ್ಯಾಲರಿ ಸ್ಲಿಪ್ ಕೊಟ್ಟಿದ್ದೀನಲ್ಲಮ್ಮ!"

"ಕಾಗದ ಒಂದು ಹೇಳಿ ಮನೆಯವ್ರು ಇನ್ನೊಂದು ಹೇಳಿದ್ರೆ ರಿಜೆಕ್ಟೇ ಮೇಡಂ. ಮೂರು ತಿಂಗಳು ಬಿಟ್ಟು ಮತ್ತೆ ಹಾಕಿ."

ಮೂರು ತಿಂಗಳಿಗೆ ಲಾಂಡ್ರಿಯಲ್ಲಿ ಮೊಬೈಲ್ ಕವರ್‌ಗಳು ನೇತಾಡುತ್ತಿರುತ್ತವೆ. ಕೆಲಸದ ಹೊತ್ತಲ್ಲಿ ನಾನು ಫೋನ್ ಎತ್ತಲಾಗುವುದಿಲ್ಲ ಅಂತ ಅತ್ತೆಯ ನಂಬರ್ ಬರೆದುಕೊಟ್ಟವಳೂ ನಾನೇ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ.

ಮನೆಗೆ ಬಂದಾಗ ಅತ್ತೆ "ಟೀ ಕುಡೀತೀಯೇನೇ?" ಅಂದರು. ಬೇಡ ಅಂತ ತಲೆಯಾಡಿಸಿದೆ. ಬಾಯಿ ತೆಗೆದಿದ್ದರೆ ಬೆಂಕಿಯೇ ಬರುತ್ತಿತ್ತು.

ಜೂನ್ 10, ಸೋಮವಾರ

ಅತ್ತೆಯ ಜೊತೆ ಮಾತಿಲ್ಲ. ಅವರು ಮಗನನ್ನು ಕೇಳುತ್ತಾರೆ, "ಏನಾಗಿದ್ಯೋ ಅವಳಿಗೆ?" ಇವರು, "ಹೋಗ್ಲಿ ಬಿಡಮ್ಮ."

ಮೈದುನ ಬಂದಿದ್ದ. ಸುದ್ದಿ ಹೇಗೆ ಮುಟ್ಟಿತೋ. "ಅತ್ತಿಗೆ, ದುಡ್ಡು ನಾನ್ ಹಾಕ್ತೀನಿ. ಅಂಗಡಿ ನನ್ನ ಹೆಸರಲ್ಲಿರ್ಲಿ. ನೀವು ಈಗ ಮಾಡೋ ಹಾಗೇ ಮಾಡ್ಕೊಂಡಿರಿ, ಸಂಬಳ ಕೊಡ್ತೀನಿ." ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಅವನು ಬಾಗಿಲು ದಾಟುವ ಮೊದಲೇ ಯೋಚನೆ ಮುಗಿದಿತ್ತು. ಬೇಡ. ಸಂಬಳಕ್ಕೇ ದುಡಿಯುವುದಾದರೆ ಈ ಒದ್ದಾಟ ಯಾಕೆ? ನಾಳೆ ಅಂಗಿಯ ಗೆರೆಗೂ ಅವನ ಅಪ್ಪಣೆ ಕೇಳಬೇಕಾಗುತ್ತದೆ.

ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವವರೂ ಇದ್ದಾರೆ. ಅದೂ ಬೇಡ. ಇಸ್ತ್ರಿಯಲ್ಲಿ ಸುಟ್ಟದ್ದೇ ಸಾಕು.

ಜೂನ್ 11, ಮಂಗಳವಾರ

ಹೇಳಿಬಿಟ್ಟೆ. ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಬ್ಯಾಂಕಿನವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಚಾಕು ನಿಂತಿತು.

"ಯಾರೋ ಗೊತ್ತಿಲ್ದೋಳು ಫೋನ್ ಮಾಡಿ 'ನಿಮ್ಮ ಸೊಸೆ ದುಡೀತಾಳಾ, ಎಷ್ಟು ಬರುತ್ತೆ' ಅಂದ್ರೆ ಏನಂತ ಹೇಳ್ಲಿ? ಮನೇಲಿ ಗಂಡಸ್ರಿಗೆ ಕೈಲಾಗಲ್ಲ ಅಂತ ಆಗಲ್ವಾ? ನಿನ್ನ ಮಾನ ಉಳೀಲಿ ಅಂತ ಹಾಗಂದೆ ಕಣೇ."

"ಮಾನ ಉಳೀತು ಅತ್ತೆ. ಅಂಗಡಿ ಹೋಯ್ತು."

ಅವರು ಎದ್ದು ಒಳಗೆ ಹೋದರು. ಅತ್ತರೋ ಏನೋ. ನನಗೆ ಪಾಪ ಅನ್ನಿಸಲಿಲ್ಲ, ಸಿಟ್ಟು ಇನ್ನೂ ಇತ್ತು. ಅಕ್ಕಪಕ್ಕದವರಿಗೆಲ್ಲ ನಾನು ಎಲ್ಲೋ ಲೆಕ್ಕ ಬರೆಯುತ್ತೇನೆ ಅಂತ ಹೇಳಿಕೊಂಡಿದ್ದಾರೆ. ಲಾಂಡ್ರಿ ಎರಡು ಬೀದಿ ಆಚೆ. ಒಂದು ದಿನ ಆ ಕಡೆ ತಲೆ ಹಾಕಿದವರಲ್ಲ.

ಸ್ನಾನ ಮಾಡುವಾಗ ಹೊಳೆಯಿತು. ಬ್ಯಾಂಕಿಗೆ ಕಟ್ಟುವ ಕಂತನ್ನು ನೇರವಾಗಿ ಯಜಮಾನರಿಗೇ ಯಾಕೆ ಕಟ್ಟಬಾರದು? ನನ್ನ ಉಳಿತಾಯ ಮುಂಗಡ, ಉಳಿದದ್ದು ತಿಂಗಳು ತಿಂಗಳು. ಕೇಳಿದರೆ ಏನು ಹೋಗುತ್ತದೆ?

ಜೂನ್ 13, ಗುರುವಾರ

ಕೇಳಿದೆ. ಯಜಮಾನರು ಕೈಲಿದ್ದ ಅಂಗಿಯನ್ನು ಪೂರ್ತಿ ಮಡಿಸಿ ಮುಗಿಸಿದರು. ಆಮೇಲೆ ಹೊರಗೆ ಹೋಗಿ ಮಗಳಿಗೆ ಫೋನ್ ಮಾಡಿ ಬಂದರು. ಅಂಗಡಿ ಮಾರಿದ ದುಡ್ಡು ಅವಳ ಮನೆಯ ಮೇಲೆ ಮಹಡಿ ಕಟ್ಟಲು ಹೋಗುವುದು.

"ನೋಡಮ್ಮ, ನನಗೆ ನಿನ್ನ ಮೇಲೆ ನಂಬಿಕೆ ಇದೆ. ಅವಳು ನಿನ್ನ ನೋಡಿಲ್ವಲ್ಲ. ಭಾನುವಾರ ಬೆಳಿಗ್ಗೆ ನಿಮ್ಮನೆಗೆ ಫೋನ್ ಮಾಡ್ತಾಳಂತೆ. ನಿಮ್ಮತ್ತೆ ಜೊತೆನೇ ಮಾತಾಡ್ಬೇಕಂತೆ. ಗಂಡಸ್ರು ಎಲ್ಲದಕ್ಕೂ ಹೂಂ ಅಂದ್ಬಿಡ್ತಾರೆ, ಮನೆ ನಡೆಸೋರ್ನ ಕೇಳ್ಬೇಕು ಅಂತಾಳೆ."

ಮತ್ತೆ ಅದೇ ಫೋನು, ಅದೇ ಅತ್ತೆ! ನಗು ಬಂತು.

ಅತ್ತೆಗೆ ಗಿಳಿಪಾಠ ಹೇಳಿಕೊಡಬಹುದು. ಹೇಳಿಕೊಡುವುದಿಲ್ಲ. ಕರೆದುಕೊಂಡು ಹೋಗಿ ತೋರಿಸುತ್ತೇನೆ. ನೋಡಿದ ಮೇಲೂ ನಾಚಿಕೆ ಅನ್ನಿಸಿದರೆ ಅನ್ನಿಸಲಿ.

ಜೂನ್ 15, ಶನಿವಾರ

ಅತ್ತೆ ಬಂದರು. ಯಾರದೋ ಮದುವೆಗೆ ಹೊರಟಂತೆ ಸಿದ್ಧವಾಗಿ, ಅಂಗಡಿಯೊಳಗೆ ಬರುವ ಮುಂಚೆ ಬೀದಿಯ ಆ ಕಡೆ ಈ ಕಡೆ ನೋಡಿ. ಯಜಮಾನರು ಸ್ಟೂಲ್ ಹಾಕಿಕೊಟ್ಟರು.

ಶನಿವಾರ ಮೈಮುರಿಯುವ ಕೆಲಸ. ಮಾತಾಡಿಸಲು ಪುರುಸೊತ್ತಿರಲಿಲ್ಲ. ಕಾಲು ಪೆಡಲ್ ಮೇಲೆ, ಕೈ ಬಟ್ಟೆಯ ಮೇಲೆ, ಮುಖದ ತುಂಬಾ ಆವಿ. ಒಮ್ಮೆ ತಿರುಗಿದಾಗ ಅತ್ತೆ ನನ್ನ ಮೊಣಕೈ ಹತ್ತಿರದ ಸುಟ್ಟ ಕಲೆಗಳನ್ನೇ ನೋಡುತ್ತಿದ್ದರು. "ನಿತ್ಯ ಹೀಗೇನಾ?" ಅಂದರು. ಹೂಂ ಅಂದೆ. ಸೆರಗಿನಿಂದ ನನ್ನ ಹಣೆ ಒರೆಸಿದರು.

ಅಷ್ಟರಲ್ಲಿ ವಕೀಲರ ಹೆಂಡತಿ ಕಂದಿದ ಕಾಲರ್ ಹಿಡಿದುಕೊಂಡು ಬಂದರು. "ಕಣ್ಣೆಲ್ಲಿಟ್ಟಿದ್ರಿ?" ನಾನು ತಪ್ಪಾಯಿತು, ಹೊಸದು ಕೊಡಿಸುತ್ತೇನೆ ಅಂದೆ. ಅತ್ತೆ ಸ್ಟೂಲಿನಿಂದ ಎದ್ದೇಬಿಟ್ಟರು.

"ಒಂಬತ್ತು ವರ್ಷಕ್ಕೆ ಒಂದು ಕಾಲರ್ ಕಂದಿದೆ. ನಿಮ್ಮನೇಲಿ ಹಾಲು ಯಾವತ್ತೂ ಉಕ್ಕಿಲ್ವಾ ತಾಯಿ?"

"ನೀವ್ಯಾರು?"

ಅತ್ತೆ ನನ್ನನ್ನು ನೋಡಿದರು, ಬೀದಿಯನ್ನು ನೋಡಿದರು. "ನಾನಾ... ಸುಮ್ನೆ, ಹೊತ್ತು ಹೋಗ್ಲಿ ಅಂತ ಬಂದೆ."

ಹಲ್ಲು ಕಚ್ಚಿಕೊಂಡು ಅಂಗಿ ಮಡಿಸಿದೆ. ಇಷ್ಟು ನೋಡಿಯೂ ಸೊಸೆ ಅನ್ನಲು ನಾಲಿಗೆ ಏಳಲಿಲ್ಲ.

ಜೂನ್ 16, ಭಾನುವಾರ. ಬೆಳಿಗ್ಗೆ

ಫೋನ್ ಮೇಜಿನ ಮೇಲಿದೆ. ಅತ್ತೆ ತಲೆ ಬಾಚಿಕೊಂಡು ಅದರ ಮುಂದೆ ಕೂತಿದ್ದಾರೆ, ಫೋನಿಗೆ ಮುಖ ಕಾಣಿಸುತ್ತದೇನೋ ಅನ್ನುವ ಹಾಗೆ. ನಾನು ಏನೂ ಹೇಳಿಕೊಟ್ಟಿಲ್ಲ. ಇವರು ಪೇಪರ್ ಮರೆಯಿಂದ "ಆಗುತ್ತೆ ಬಿಡು" ಅಂದರು. 'ಹೋಗ್ಲಿ' ಹೋಗಿ 'ಆಗುತ್ತೆ' ಬಂದದ್ದೇ ದೊಡ್ಡದು.

ಇವತ್ತಿನ ಮಾತು ಕೆಟ್ಟರೂ ನಿರ್ಧಾರ ಬದಲಾಗುವುದಿಲ್ಲ. ಯಜಮಾನರ ಮಗಳ ಮನೆಗೇ ಹೋಗಿ ಕೂರುತ್ತೇನೆ. ಅಲ್ಲೂ ಆಗದಿದ್ದರೆ ಮೂರು ತಿಂಗಳಾದ ಮೇಲೆ ಬ್ಯಾಂಕು ಇದ್ದೇ ಇದೆ, ಬೇರೆ ಬೀದಿಯಲ್ಲಿ ಬೇರೆ ಟೇಬಲ್. ಮೈದುನನ ಹೆಸರಿನ ಬೋರ್ಡಿನ ಕೆಳಗೆ ಮಾತ್ರ ನಿಲ್ಲುವುದಿಲ್ಲ —

ಬಂತು. ಅತ್ತೆ ಎತ್ತಿದರು. ಸುಮ್ಮನೆ ಕೂರಲಾಗದೆ ಕೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

"ಹಲೋ... ಹೂಂ, ಅವಳತ್ತೇನೇ... ಏನ್ ಕೆಲ್ಸ ಮಾಡ್ತಾಳೆ ಅಂತಾನಾ?"

ನನ್ನ ಕಡೆ ನೋಡಿದರು. ಎಷ್ಟು ಹೊತ್ತು!

"ಇಸ್ತ್ರಿ ಮಾಡ್ತಾಳೆ ಕಣಮ್ಮ ನನ್ನ ಸೊಸೆ. ಊರೋರ ಬಟ್ಟೆಗೆಲ್ಲ. ನಿಂತ ಕಾಲಲ್ಲಿ, ಆ ಹಬೇಲಿ. ಕಣ್ಣಾರೆ ನೋಡ್ಕೊಂಡು ಬಂದಿದ್ದೀನಿ... ಹೂಂ, ಈ ಮನೆ ನಡೀತಿರೋದ್ರಲ್ಲಿ ಅರ್ಧ ಅವಳ ದುಡಿಮೆನೇ... ಕಂತು ತಪ್ಪಿದ್ರೆ ನನ್ನ ಕೇಳು, ನಾನಿದ್ದೀನಿ... ಕೆಲ್ಸದಲ್ಲಿ ತಪ್ಪಾ? ಅವಳ ಕೈಲಿ ತಪ್ಪೇ ಆಗಲ್ಲ. ಮೊನ್ನೆ ಒಂದು ಕಾಲರ್ ಮಾತ್ರ —"

ಅಯ್ಯೋ ಅತ್ತೆ, ಕಾಲರ್ ವಿಷಯ ಯಾಕೆ ಈಗ! ಫೋನ್ ಇಸ್ಕೊಳ್ಳಬೇಕು —