ನನ್ನ ಹೆಸರಿನ ಫಿಲ್ಮು

ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಚಿಕ್ಕೋನಿಗೆ ಅಣ್ಣನ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬೈದುಕೋ, ಬೇಡ ಅನ್ನುವುದಿಲ್ಲ. ಎಕ್ಸ್‌ರೇ ಕೋಣೆಯಲ್ಲಿ ಮೂವತ್ತು ವರ್ಷ ಊರಿನವರಿಗೆಲ್ಲ "ಉಸಿರು ಬಿಗಿ ಹಿಡೀರಿ" ಎಂದವನು ಈಗ ಹತ್ತು ದಿನದಿಂದ ನಾನೇ ಉಸಿರು ಹಿಡಿದು ಕೂತಿದ್ದೇನೆ.

ನನ್ನ ಹರ್ನಿಯಾ ವಿಷಯ ಗೊತ್ತಲ್ಲ. ಆಪರೇಷನ್ನಿಗೆ ಮೊದಲು ಎದೆಯ ಫಿಲ್ಮು ಬೇಕೆಂದರು ಸರ್ಜನ್. "ಸಿಗರೇಟು ಬಿಟ್ರೇನ್ರೀ?" ಅಂದರು. "ಆರು ತಿಂಗಳಾಯ್ತು ಸಾರ್" ಅಂದೆ, ಪ್ಯಾಕೆಟ್ ಜೇಬಲ್ಲೇ ಇತ್ತು. ಅವರ ಬಾಯಿಂದಲೂ ಅದೇ ಬ್ರಾಂಡಿನ ವಾಸನೆ! ಕಳ್ಳನೇ ಕಳ್ಳನಿಗೆ ಬುದ್ಧಿ ಹೇಳಿದ ಹಾಗಾಯಿತು.

ನಾನು ತಂದುಕೊಟ್ಟ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. "ಹೃದಯ ಇದೆಯಾ ಸಾರ್? ನಮ್ಮ ಮನೆಯವಳಿಗೆ ಅನುಮಾನ" ಅಂದೆ. ಅವರು ನಗಲಿಲ್ಲ. ಬಲಗಡೆ ಮೇಲೆ, ಪೆನ್ನಿನ ತುದಿಯಿಂದ ಒಂದು ಕಲೆ ತೋರಿಸಿದರು. "ಹರ್ನಿಯಾ ಹಾಗಿರ್ಲಿ. ಮೊದಲು ಇದನ್ನ ನೋಡ್ಬೇಕು. ಕೊಯ್ದೇ ತೆಗೀಬೇಕಾಗ್ಬಹುದು. ಸೇದ್ಬೇಡಿ ಅಂತ ಎಷ್ಟು ಬಡ್ಕೊಂಡೆ ನಿಮಗೆ!" ಎಂದರು.

ಮನೆಯಲ್ಲಿ ನಿನ್ನ ಅತ್ತಿಗೆ ಆಶ್‌ಟ್ರೇಯನ್ನು ಹಿತ್ತಲಿಗೆ ಎಸೆದಳು. "ನಿಮ್ಮ ತಮ್ಮನ್ನ ನೋಡಿಯಾದ್ರೂ ಕಲೀಬಾರ್ದಿತ್ತಾ, ಒಂದು ದಿನಾನೂ ಮುಟ್ಟಿದವನಲ್ಲ" ಅಂತ ಅತ್ತಳು. ಆ ಮಾತು ಕೇಳಲಾರದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವತ್ತಿನಿಂದ ಕಣ್ಣು ಮುಚ್ಚಿದರೂ ಆ ಕಲೆ, ತೆರೆದರೂ ಆ ಕಲೆ. ಗೋಡೆಯ ಮೇಲೆ, ಊಟದ ತಟ್ಟೆಯಲ್ಲಿ, ಬೇರೆಯವರ ಫಿಲ್ಮುಗಳಲ್ಲೆಲ್ಲ ಅದೇ. ನನಗೆ ಭಯವಾಗುತ್ತದೆ ಕಣೋ. ಸಿಗರೇಟು ತಾನಾಗಿಯೇ ಬಿಟ್ಟುಹೋಯಿತು.

ನಿನ್ನ ಕೆಮ್ಮು ಹೇಗಿದೆ? ನಿಜ ಹೇಳು. ದೇವರು ನಿನ್ನನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅಣ್ಣ

ವಿ.ಸೂ.: ಇದು ಮರೆತದ್ದಲ್ಲ, ಬರೆಯಲು ಕೈ ಬಾರದ್ದು. ಆ ಫಿಲ್ಮು ನನ್ನದಲ್ಲ. ನನ್ನದು ಹೊಗೆಗೂಡಿನ ಹಾಗಿದ್ದರೆ ಡಾಕ್ಟರು ಆಪರೇಷನ್ನಿಗೆ ಒಪ್ಪುವುದಿಲ್ಲವೆಂದು ಹೆದರಿದೆ. ಸೇದದವನ ಎದೆ ಶುದ್ಧವಾಗಿಯೇ ಇರುತ್ತದೆಂದು ನಂಬಿ, ಹೋದ ತಿಂಗಳು ನೀನು ಬಂದಾಗ ನಿನ್ನ ಕೆಮ್ಮಿಗೆಂದು ತೆಗೆದ ಫಿಲ್ಮಿಗೆ ನನ್ನ ಹೆಸರಿನ ಚೀಟಿ ಅಂಟಿಸಿದೆ. ಅವತ್ತು ಅದನ್ನು ಬೆಳಕಿಗೂ ಹಿಡಿಯದೆ "ಕನ್ನಡಿ ಹಾಗಿದೆ, ಹೋಗೋ" ಎಂದು ನಿನ್ನನ್ನು ಬಸ್ಸು ಹತ್ತಿಸಿದ್ದೆ. ಎರಡು ಸಲ ಫೋನ್ ಮಾಡಿದೆ. ನೀನು ಕೆಮ್ಮುತ್ತ "ಹಲೋ" ಅಂದದ್ದು ಕೇಳಿ ಇಟ್ಟುಬಿಟ್ಟೆ. ನಿನ್ನೆ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲೂ ಇಲ್ಲ, "ಬೇಗ ಕರೆಸಿ" ಎಂದರು. ಕಾಗದ ಸೇರಿದ ದಿನವೇ ಹೊರಟು ಬಾ. ನನ್ನದನ್ನೂ ತೆಗೆಸಿ ನೋಡಿದೆವು. ಏನೂ ಇಲ್ಲ ಕಣೋ. ನನಗೆ ಏನೂ ಇಲ್ಲ.