ನಲ್ಲಿ ಬಿಟ್ಟುಕೊಂಡು ಹಾಡುವುದು ಸಾಕು

ಅತ್ತೆ,

ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ.

ನಿನ್ನೆ ಸಮುದಾಯ ಭವನದ ಹಾಡಿನ ಮೇಷ್ಟ್ರು ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. "ನಿಮ್ಮತ್ತೆಗೆ ಗಂಟಲು ಕಟ್ಟಿದೆಯಂತೆ. ಎಂಟು ತಿಂಗಳು ಅದೇನು ಕಟ್ಟೋದಮ್ಮ? ನಾಳೆನೂ ಬರದಿದ್ರೆ ಅವರ ಜಾಗಕ್ಕೆ ಬೇರೆಯವರನ್ನ ತಗೋತೀವಿ" ಅಂದರು. ನಗರದ ಕಲಾಮೇಳಕ್ಕೆ ತಂಡದ ಹೆಸರು ಕೊಡಲು ಇವತ್ತೇ ಕೊನೆಯಂತೆ. ಬರುತ್ತಾರೆ ಎಂದು ಹೇಳಿಬಿಟ್ಟಿದ್ದೇನೆ.

ನಿಮ್ಮ ಮಗ ತೀರಿಕೊಂಡ ಮೇಲೆ, ನನಗೆ ನೋವಾಗಬಾರದೆಂದು ನೀವು ಹಾಡು ಬಿಟ್ಟಿರಿ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಮೆಲ್ಲಗೆ ಹಾಡಿಕೊಳ್ಳುವುದೂ ನನಗೆ ಗೊತ್ತು. ಟ್ಯಾಂಕ್ ಖಾಲಿಯಾಯಿತೆಂದು ಕೆಳಗಿನ ಮನೆಯವರು ಎರಡು ಸಲ ಕೂಗಾಡಿದ್ದಾರೆ.

ನನಗೆ ಈಗ ಯಾವುದೂ ಅಷ್ಟಾಗಿ ತಾಗುವುದಿಲ್ಲ ಅತ್ತೆ, ಹಾಡೂ ಅಷ್ಟೇ. ಆದರೆ ನಲ್ಲಿಯ ನೀರು ನಿಂತ ಕೂಡಲೇ ನೀವೂ ತಟ್ಟನೆ ಸುಮ್ಮನಾಗುತ್ತೀರಲ್ಲ, ಅದೊಂದು ತಾಗುತ್ತದೆ.

ಅಭ್ಯಾಸ ಐದು ಗಂಟೆಗೆ. ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದ ಹಾಡಿನ ಪುಸ್ತಕವನ್ನು ಚೀಲಕ್ಕೆ ಹಾಕಿದ್ದೇನೆ. ಕನ್ನಡಕ ಫ್ರಿಜ್ ಮೇಲಿದೆ. ಇನ್ನೊಂದು ಬೀಗದ ಕೈ ನನ್ನ ಹತ್ತಿರವಿದೆ, ನನಗಾಗಿ ಕಾಯಬೇಡಿ.

ನಾನು ಆರಕ್ಕೆ ಬಂದಾಗ ಮನೆಗೆ ಬೀಗ ಹಾಕಿರಬೇಕು.