ನೆಲಮಾಳಿಗೆಯ ಪಾಯಖಾನೆ ಮೇಲಕ್ಕೆ ಬಂತು

ಕೊಟ್ಟೂರು
14 ನವೆಂಬರ್ 2024, ಗುರುವಾರ

ಪ್ರೀತಿಯ ಅತ್ತೆಯವರಿಗೆ,

ಸೊಸೆ ಭಾಗ್ಯ ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿ ಬರೆಯುತ್ತಿದ್ದೇನೆ. ಸೊಂಟದ ನೋವು ಈಗ ಹೇಗಿದೆ? ವಾಕರ್ ಹಿಡಿದು ಪಡಸಾಲೆಯವರೆಗೂ ನಡೆದಿರಂತೆ, ಗೀತಾಂಜಲಿ ಫೋನಿನಲ್ಲಿ ಹೇಳಿದಳು. ಹೊಲಿಗೆ ಹಾಕಿದ ಕಡೆ ತುರಿಕೆ ನಿಂತಿತೇ? ನಿದ್ದೆ ಬರುತ್ತದೆಯೇ? ಮಗಳ ಮನೆ, ಅಳಿಯ ಇರುತ್ತಾನೆ ಎಂದು ಸಂಕೋಚಪಟ್ಟು ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ಬಾಯಿ ಒಣಗಿಸಿಕೊಂಡು ಕೂರುವ ನಿಮ್ಮ ಅಭ್ಯಾಸ ನನಗೆ ಗೊತ್ತಿಲ್ಲವೇ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮಗೆ ಫೋನಿನ ಮಾತು ಕೇಳಿಸುವುದಿಲ್ಲ, ನಾನು ಏನು ಹೇಳಿದರೂ "ಹ್ಞೂಂ, ಹ್ಞೂಂ" ಅನ್ನುತ್ತೀರಿ, ಆಮೇಲೆ ಗೀತಾಂಜಲಿಯನ್ನು ಏನಂದಳು ಎಂದು ಕೇಳುತ್ತೀರಿ. ಅದಕ್ಕೇ ಕಾಗದ. ಕನ್ನಡಕ ಹಾಕಿಕೊಂಡು ನೀವೇ ಓದಿ, ಯಾರಿಂದಲೂ ಓದಿಸಬೇಡಿ.

ಮಾವನವರು ಈಗ ಆರಾಮವಾಗಿದ್ದಾರೆ. ಮುಂದಿನದನ್ನು ಓದುವಾಗ ನಿಮ್ಮ ಎದೆ ಹೊಡೆದುಕೊಳ್ಳಬಾರದೆಂದು ಇದನ್ನು ಮೊದಲೇ ಬರೆದಿದ್ದೇನೆ. ಬೆಳಗ್ಗೆ ಎರಡು ರೊಟ್ಟಿ ತಿಂದರು, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಒಂದು ಮಾತೂ ಅಂದರು. ಗಲ್ಲದ ಮೇಲೆ ಎರಡು ಹೊಲಿಗೆ ಇವೆ, ಅಷ್ಟೇ.

ನೀವು ಮೆಟ್ಟಿಲಲ್ಲಿ ಬಿದ್ದ ಮೇಲೆ ಪಾಯಖಾನೆಯ ಜಾಗ ಬದಲಾಯಿಸಲೇಬೇಕೆಂದು ನಿಮ್ಮ ಮಗ ಹಟ ಹಿಡಿದಿದ್ದು ನಿಮಗೆ ಗೊತ್ತಿದೆ. ಮಾವನವರೂ ಒಪ್ಪಿದ್ದರು, ಆದರೆ ಅವರ ಲೆಕ್ಕಾಚಾರವೇ ಬೇರೆ. ಅದು ನೆಲಮಾಳಿಗೆಯಲ್ಲೇ ಇರಬೇಕು, ಮೆಟ್ಟಿಲ ಕೆಳಗಿನ ಮೂಲೆಯಿಂದ ಎದುರು ಗೋಡೆಗೆ ಸರಿದರೆ ಸಾಕು, ನಿಮ್ಮ ಮಂಚವನ್ನೂ ಅಲ್ಲಿಗೇ ಇಳಿಸಬೇಕು. "ಪಾಯಖಾನಿ ಮಂಚದ ಬಾಜೂಕ ಬಂದ್ರ ಆಕಿ ಮೆಟ್ಲ ಹತ್ತೂದು ಇಳಿಯೂದು ಎಲ್ಲಿ ಬಂತು?" ಎಂದರು. ದೇವರ ಕೋಣೆ ಇರುವ ಅಂತಸ್ತಿನಲ್ಲಿ ಪಾಯಖಾನೆ ಬೇಡವೆಂದು ಮೂವತ್ತು ವರ್ಷದ ಹಿಂದೆ ಹೇಳಿದವರು ಈಗಲೂ ಅದೇ ಮಾತಿನ ಮೇಲೆ ನಿಂತಿದ್ದರು. ಹಿಂದೆ ಶೇಂಗಾ ಚೀಲ ಒಟ್ಟುತ್ತಿದ್ದ ಆ ಕತ್ತಲೆಯಲ್ಲಿ ನೀವು ಇಡೀ ದಿನ ಒಬ್ಬರೇ ಇರುವುದು ನನಗೆ ಸರಿಯೆನಿಸಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಸುದ್ದಿ ಗೀತಾಂಜಲಿಯಿಂದ ನಿಮಗೆ ಮುಟ್ಟಿತು, ನೀವು "ನನ್ನ ಮಂಚ ನೆಲಮಾಳಿಗಿಗೆ ಹೋಗೂದಾದ್ರ ನಾ ಕೊಟ್ಟೂರಿಗೆ ಬರಂಗಿಲ್ಲ" ಎಂದಿರಂತೆ. ಆ ಮಾತನ್ನು ಮಾವನವರಿಗೆ ಯಾರೂ ಹೇಳಬಾರದೆಂದುಕೊಂಡಿದ್ದೆವು. ಹೇಗೋ ಅವರ ಕಿವಿಗೆ ಬಿತ್ತು. ಅವತ್ತು ಊಟಕ್ಕೆ ಕೂತವರು ಅರ್ಧಕ್ಕೇ ಕೈ ತೊಳೆದರು, ಆದರೆ ಹಟ ಬಿಡಲಿಲ್ಲ.

ಹೋದ ಗುರುವಾರ ಗೌಂಡಿ ಚೌಡಣ್ಣ ಬಂದು ನೆಲಮಾಳಿಗೆಯ ನೆಲ ಒಡೆಸಲು ಶುರುಮಾಡಿದ. ಹಳೆಯ ಪೈಪು ಹಿತ್ತಲ ಟ್ಯಾಂಕಿಗೆ ಹೋಗುತ್ತದೆ, ಹೊಸದನ್ನು ಅದಕ್ಕೇ ಜೋಡಿಸಿದರಾಯಿತು ಎಂದು ನಾವೆಲ್ಲ ನಂಬಿದ್ದೆವು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಚೌಡಣ್ಣ ಕೆಲಸ ನಿಲ್ಲಿಸಿ ಮೇಲೆ ಬಂದು ತಲೆ ಕೆರೆದುಕೊಂಡು ನಿಂತ. "ಅಯ್ನೋರ, ಈ ಪೈಪು ಟ್ಯಾಂಕಿಗೆ ಹೋಗಿಲ್ರಿ. ಉಲ್ಟಾ ಕಡೆಗೆ ತಿರುಗೇತಿ. ಒಳಗ ಹಗೇವು ಐತ್ರಿ, ಅದರಾಗ ಬಿಟ್ಟಾರ." ಅತ್ತೆ, ನಾನು ಈ ಮನೆಗೆ ಬಂದು ಹದಿನೇಳು ವರ್ಷವಾಯಿತು, ನಮ್ಮ ಕಾಲ ಕೆಳಗೆ ಜೋಳ ತುಂಬಿಡುವ ಹಗೇವು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅದರ ಬಾಯಿಗೆ ಮುಚ್ಚಿದ್ದ ಕಲ್ಲು ಅಡ್ಡಡ್ಡ ಬಿರುಕು ಬಿಟ್ಟಿತ್ತು. ಮೇಲೆ ಬರೀ ನಾಲ್ಕು ಬೆರಳು ಗಚ್ಚು. ನಿಮ್ಮ ಮಂಚ ಬರಬೇಕಿದ್ದ ಜಾಗವೂ ಅದೇ.

ನಿಮ್ಮ ಮಗ "ಅಪ್ಪಾ, ನಿಮಗ ಗೊತ್ತಿತ್ತೇನು?" ಎಂದು ಎರಡು ಸಲ ಕೇಳಿದರು. ಮಾವನವರು ಗೋಡೆ ನೋಡುತ್ತಾ ಕೂತುಬಿಟ್ಟರು. ಚೌಡಣ್ಣನ ಜೊತೆ ಕೆಲಸಕ್ಕೆ ಬರುವ ಹುಲುಗಪ್ಪ, "ಹಗ್ಗ ಕಟ್ಕೊಂಡು ಇಳಿದು ಎಷ್ಟು ಆಳ ಐತಿ ನೋಡ್ಲೇನ್ರಿ" ಎಂದ. ಚೌಡಣ್ಣ ಅವನ ಮೇಲೆ ಹರಿಹಾಯ್ದ. "ಲೇ, ಮನ್ಯಾಗ ಹೆಂಡ್ತಿ ಮಕ್ಕಳು ಅದಾರಿಲ್ಲೋ ನಿನಗ? ಅದರಾಗಿನ ಗಾಳಿ ಕುಡದ್ರ ಹೆಣಾನ ಎತ್ತಬೇಕಾಗ್ತೈತಿ. ಯಾರೂ ಬಗ್ಗಿ ಸೈತ ನೋಡಬ್ಯಾಡ್ರಿ." ಕಲ್ಲು ಬಿರಿದ ಕಡೆ ಹಲಗೆ ಮುಚ್ಚಿ, ಬಾಗಿಲು ಕಿಟಕಿ ತೆಗೆದಿಟ್ಟು, ಹೀರುವ ಗಾಡಿ ತರಿಸಿದ ಮೇಲೆಯೇ ಮುಂದಿನ ಕೆಲಸ ಎಂದ.

ಶನಿವಾರ ಮಧ್ಯಾಹ್ನ ನಿಮ್ಮ ಮಗ ಪೈಪು ತರಲು ಹಗರಿಬೊಮ್ಮನಹಳ್ಳಿಗೆ ಹೋಗಿದ್ದರು. ಚೌಡಣ್ಣ, ಹುಲುಗಪ್ಪ ಹಿತ್ತಲ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಮಾವನವರು ಮಲಗಿದ್ದಾರೆಂದೇ ತಿಳಿದಿದ್ದೆ. ಕೆಳಗೆ ಏನೋ ಠಣ್ ಎಂದು ಬಿದ್ದ ಸದ್ದಾಯಿತು. ತವೆಯ ಮೇಲೆ ರೊಟ್ಟಿಯನ್ನು ಹಾಗೇ ಬಿಟ್ಟು ಓಡಿದೆ. ಅವರು ಹಲಗೆಯನ್ನೂ ಬಿರಿದ ಕಲ್ಲಿನ ತುಂಡನ್ನೂ ಸರಿಸಿ, ಬ್ಯಾಟರಿ ಹಿಡಿದು, ನೆಲಕ್ಕೆ ಬೋರಲಾಗಿ ಮಲಗಿ ಒಳಗೆ ನೋಡಲು ಹೋಗಿದ್ದಾರೆ. ಬ್ಯಾಟರಿ ಒಳಗೆ ಬಿದ್ದಿದೆ, ಇವರಿಗೆ ಎಚ್ಚರ ತಪ್ಪಿದೆ. ತಲೆ ಮತ್ತು ಒಂದು ಭುಜ ಹಗೇವಿನ ಬಾಯೊಳಗೆ ಜೋತಿದ್ದವು. ನಾನು ಸೆರಗನ್ನು ಮೂಗಿಗೆ ಅಡ್ಡ ತಂದು ಹಲ್ಲಲ್ಲಿ ಕಚ್ಚಿಕೊಂಡು ಅವರ ಎರಡೂ ಕಾಲು ಹಿಡಿದು ಜಗ್ಗಿದೆ. ಕೈಯಲ್ಲೆಲ್ಲ ಹಸಿ ಹಿಟ್ಟು, ಹಿಡಿತ ಜಾರುತ್ತದೆ. ಕಲ್ಲಿನ ಅಂಚು ಮುರಿದು ಮಣ್ಣು ದಬದಬ ಒಳಗೆ ಬಿತ್ತು, ಅವರೂ ಗೇಣುದ್ದ ಮುಂದಕ್ಕೆ ಸರಿದರು. ಆಗ ನಾನು ಅವರ ಕಾಲ ಮೇಲೆ ಕೂತುಬಿಟ್ಟೆ ಅತ್ತೆ. ಮಾವನ ಮೈಮೇಲೆ ಕೂತ ಸೊಸೆ ಊರಿಗೆ ನಾನೊಬ್ಬಳೇ ಇರಬೇಕು. ಕೂತಲ್ಲಿಂದಲೇ ಗಂಟಲು ಹರಿಯುವಂತೆ ಕೂಗಿದೆ. ಚೌಡಣ್ಣ, ಹುಲುಗಪ್ಪ ಎಂಜಲು ಕೈಯಲ್ಲೇ ಓಡಿಬಂದು ಎಳೆದು ಹಿತ್ತಲಿಗೆ ಹೊತ್ತೊಯ್ದರು. ತುಟಿ ನೀಲಿಯಾಗಿತ್ತು, ಕಲ್ಲಿನ ಅಂಚಿಗೆ ಗಲ್ಲ ಸೀಳಿತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಅರ್ಧ ತಾಸಿಗೆ ಕಣ್ಣು ಬಿಟ್ಟರು. ಆ ಅರ್ಧ ತಾಸು ನಾನು ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ. ಭಾನುವಾರ ಸಂಜೆ ಮನೆಗೆ ಕಳಿಸಿದರು. ತಲೆ ಸುತ್ತಿದರೆ, ಮಂಕಾದರೆ ಕೂಡಲೇ ಕರೆತನ್ನಿ ಎಂದಿದ್ದಾರೆ. ಅವತ್ತಿನಿಂದ ಅವರು ಸುಮ್ಮನೆ ಕಣ್ಣು ಮುಚ್ಚಿದರೂ ನಾನು ಹೋಗಿ ಮಾತಾಡಿಸುತ್ತೇನೆ. "ಇನ್ನಾ ಅದೀನಿ ತಂಗಿ, ನಿನ್ನ ಕೆಲಸ ನೀ ಮಾಡ್ಕೋ" ಅನ್ನುತ್ತಾರೆ.

ಸೋಮವಾರ ಬೆಳಗ್ಗೆ ಪೂಜೆ ಮುಗಿಸಿ ಬಂದವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಮೂವತ್ತು ವರ್ಷದ ಹಿಂದೆ ಪಾಯಖಾನೆ ಕಟ್ಟಿಸುವಾಗ ಹಿತ್ತಲಲ್ಲಿ ಟ್ಯಾಂಕು ತೋಡಲು ಹೋದರೆ ಎರಡು ಅಡಿಗೇ ಬಂಡೆ ಸಿಕ್ಕಿತಂತೆ. ಗೀತಾಂಜಲಿ ಹುಟ್ಟುವ ಹೊತ್ತು, ನೀವು ಹೆರಿಗೆಗೆ ತವರಿಗೆ ಹೋಗಿದ್ದಿರಂತೆ, ಬರುವಷ್ಟರಲ್ಲಿ ಮುಗಿಸಬೇಕೆಂಬ ಆತುರ. ಹಿತ್ತಲ ಗುಂಡಿಯ ಮೇಲೆ ಸುಮ್ಮನೆ ಕಲ್ಲು ಮುಚ್ಚಿಸಿ ಅದೇ ಟ್ಯಾಂಕು ಎಂದು ಎಲ್ಲರಿಗೂ ಹೇಳಿಬಿಟ್ಟರಂತೆ. "ನಮ್ಮವ್ವ ಜ್ವಾಳ ತುಂಬಿಸಿದ್ದ ಜಾಗ. ಅದರಾಗ ಹೊಲಸು ಬಿಟ್ಟೆ. ದಾಕ್ಷಾಯಣಿಗೆ ಹ್ಯಾಂಗ ಹೇಳ್ಲಿ? ಗಾಡಿಯವ್ರು ಬಂದು ನಾಕ ಮಂದಿ ಮುಂದ ಬಾಯಿ ತೆಗೆಯೂಕಿಂತ ಮೊದ್ಲ ಒಳಗ ಏನು ಉಳದೈತಿ ಅಂತ ನಾನಾ ನೋಡಬೇಕನ್ನಿಸ್ತು" ಎಂದು ನಿಮ್ಮ ಹೆಸರು ಹಿಡಿದು ಹೇಳುವಾಗ ಅವರ ಗಲ್ಲದ ಹೊಲಿಗೆ ಅದುರುತ್ತಿತ್ತು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಎದ್ದು ದೇವರ ಕೋಣೆಯ ಪಕ್ಕದ ಕಾಳಿನ ಕೋಣೆಗೆ ಹೋಗಿ ಡಬ್ಬಿಗಳನ್ನು ತಾವೇ ಹೊರಗೆ ತಂದಿಡತೊಡಗಿದರು. ನಿಮ್ಮ ಮಗ ತಡೆಯಲು ಹೋದರೆ, "ಇಲ್ಲೇ ಕಟ್ಸು. ಶಿವ ಏನು ಗ್ವಾಡಿ ಆಚಿಗೆ ಯಾವ ಕೋಣಿ ಐತಿ ಅಂತ ನೋಡಿ ಬರ್ತಾನೇನು? ಆಕಿ ಮೆಟ್ಲ ಇಳೀಬಾರದು, ಅಷ್ಟ" ಎಂದರು.

ಮಂಗಳವಾರ ಗಾಡಿ ಬಂದು ಹಗೇವನ್ನು ಖಾಲಿ ಮಾಡಿತು, ಯಾರೂ ಒಳಗೆ ಇಳಿಯಲಿಲ್ಲ. ಸುಣ್ಣ, ಕಲ್ಲು, ಮಣ್ಣು ತುಂಬಿಸಿ ಬಾಯಿ ಮುಚ್ಚಿಯಾಯಿತು. ಹೊಸ ಟ್ಯಾಂಕಿಗಾಗಿ ಹಿತ್ತಲ ಬಂಡೆ ಒಡೆಯಲು ನಿನ್ನೆ ಯಂತ್ರ ಬಂದು ಇಡೀ ಓಣಿಯನ್ನೇ ನಡುಗಿಸಿತು. ಕಾಳಿನ ಕೋಣೆಯಿಂದ ಅಲ್ಲಿಗೆ ಪೈಪಿಗೆ ಬೇಕಾದಷ್ಟು ಇಳಿಜಾರು ಸಿಗುತ್ತದೆ ಎಂದು ಚೌಡಣ್ಣ ಹೇಳುತ್ತಾನೆ. ನನಗೆ ಮಾತ್ರ ಯಾವುದರ ಮೇಲೂ ನಂಬಿಕೆಯಿಲ್ಲ. ನಿನ್ನೆಯಿಂದ ನಾಲ್ಕು ಸಲ ಹೋಗಿ ಹಾಸಿದಷ್ಟು ಪೈಪಿಗೆ ನೀರು ಸುರಿದು ಆ ತುದಿಯಲ್ಲಿ ಬಂತೇ ಎಂದು ನೋಡಿದ್ದೇನೆ. ಕಮೋಡ್ ತಗ್ಗಾಗಿರಬಾರದು, ಸೊಂಟ ಹೆಚ್ಚು ಮಡಚಬಾರದು ಎಂದು ಡಾಕ್ಟರು ಹೇಳಿದ್ದಾರಲ್ಲ, ಅದಕ್ಕೆ ನೀವು ಅಲ್ಲಿ ಸುಲಭವಾಗಿ ಕೂತು ಏಳುವ ಕುರ್ಚಿಯ ಎತ್ತರವನ್ನು ಟೇಪಿನಿಂದ ಅಳೆಸಿ ತಿಳಿಸಿ. ಮಾವನವರು ಇಟ್ಟಿಗೆ ಒಟ್ಟಿ ತಾವೇ ಕೂತು ಎದ್ದು, "ಆಕಿ ನನಗಿಂತ ಗಿಡ್ಡ, ಒಂದು ಇಟ್ಟಿಗಿ ತೆಗೀರಿ" ಎಂದು ಚೌಡಣ್ಣನ ತಲೆ ತಿನ್ನುತ್ತಿದ್ದಾರೆ. ಎರಡೂ ಕಡೆ ಹಿಡಿದುಕೊಳ್ಳಲು ಸ್ಟೀಲಿನ ಸರಳು ಹಾಕಿಸುತ್ತೇವೆ.

ಮಾವನವರು ತಾವು ಬಿದ್ದದ್ದನ್ನು ನಿಮಗೆ ತಿಳಿಸಬೇಡವೆಂದಿದ್ದಾರೆ. ಅವರೇ ಬಂದು ಹೇಳಿದಾಗ ಮೊದಲ ಸಲ ಕೇಳಿದಂತೆ ಇದ್ದುಬಿಡಿ. ಮಾತ್ರೆ ತಪ್ಪಿಸಬೇಡಿ. ಗೀತಾಂಜಲಿಗೂ ಅಳಿಯಂದಿರಿಗೂ ನಮ್ಮ ನೆನಪು ಹೇಳಿ. ಕೊಟ್ಟೂರೇಶ ನಿಮ್ಮ ಕಾಲಿಗೆ ಮೊದಲಿನ ಬಲ ಕೊಡಲಿ.

ನಿಮ್ಮ ಸೊಸೆ,
ಭಾಗ್ಯ

ತಾ.ಕ.: ದಾವಣಗೆರೆಗೆ ಹೊರಟಿರುವ ನಾಗೇಂದ್ರಪ್ಪ ಕಾಗದ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದಾನೆ. ಈ ಒಂದು ಮಾತು ಬರೆಯುವುದಕ್ಕೇ ಇಷ್ಟು ಉದ್ದ ಬರೆದೆ. ನೀವು ಬಿದ್ದ ದಿನ ಕೆಳಗಿನಿಂದ "ಭಾಗ್ಯಾ" ಎಂದು ಕರೆದದ್ದು ನನಗೆ ಕೇಳಿಸಿತ್ತು. ಬೆಳಗ್ಗೆ ಪಕ್ಕದ ಮನೆಯ ಅಂಜಿನಕ್ಕನ ಮುಂದೆ ನೀವು "ನಮ್ಮ ಸೊಸಿಗೆ ಫೋನು ಬಿಟ್ರ ಬ್ಯಾರೆ ಜಗತ್ತಿಲ್ಲ" ಎಂದಿದ್ದಿರಿ, ಆ ಸಿಟ್ಟು ಹೋಗಿರಲಿಲ್ಲ. ಟವೆಲಿಗೋ ಸೋಪಿಗೋ ಕರೆಯುತ್ತಿದ್ದೀರಿ, ಕಾಯಲಿ ಎಂದುಕೊಂಡು ಮಿಕ್ಸರ್ ಹಾಕಿದೆ. ಮಿಕ್ಸರ್ ನಿಲ್ಲಿಸಿದಾಗ ನೀವು ಮತ್ತೆ ಕರೆಯಲಿಲ್ಲ. ಕಾಲು ತಾಸಿನ ಮೇಲೆ ನೆಲಮಾಳಿಗೆಯ ಹಿತ್ತಲ ಬಾಗಿಲಿಂದ ಬಂದ ಅಂಜಿನಕ್ಕ ನಿಮ್ಮನ್ನು ನೋಡಿ ಕಿರುಚಿದಾಗಲೇ ನಾನು ಇಳಿದು ಬಂದದ್ದು. ಆಸ್ಪತ್ರೆಯಲ್ಲಿ ಗೀತಾಂಜಲಿ "ಯಾಕ ಕೂಗಲಿಲ್ಲವ್ವಾ?" ಎಂದು ಕೇಳಿದಾಗ ನೀವು ನನ್ನ ಮುಖ ನೋಡಿದಿರಿ, ಆಮೇಲೆ "ದನೀನಾ ಹೊರಡಲಿಲ್ಲವ್ವಾ" ಎಂದಿರಿ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಈ ಪುಟವನ್ನು ಬೇರೆಯಾಗಿ ಮಡಚಿಟ್ಟಿದ್ದೇನೆ. ಮಗಳಿಗೆ ತೋರಿಸುವುದೋ ಹರಿಯುವುದೋ ನಿಮಗೇ ಬಿಟ್ಟದ್ದು. ಯಾವಾಗ ಬರುತ್ತೀರೆಂದು ಮಾವನವರು ದಿನಾ ಕೇಳುತ್ತಾರೆ. ನನಗೆ ಕೇಳುವ ಮುಖವಿಲ್ಲ.